ಯಂತ್ರವು ಇಲ್ಲವೆಂದರೆ ಇಲ್ಲವೇ?

ಗ್ರಂಥರಾಶಿಯಲ್ಲಿ ಬೇಕಾದ ಶಬ್ದವನ್ನು ಕ್ಷಣಮಾತ್ರದಲ್ಲಿ ತೆಗೆದುಕೊಡುವ ಶೋಧಯಂತ್ರಗಳು ಬಂದುದು ಕನ್ನಡದ ಭಾಗ್ಯವೇ ಸರಿ. ‘ವಚನ ಸಂಚಯ’ವೆಂಬ ಜಾಲತಾಣದಲ್ಲಿ 20,000ಕ್ಕೂ ಮಿಕ್ಕಿದ ವಚನಗಳನ್ನು ಈಗ ಪದ ಹಿಡಿದು ಹುಡುಕಬಹುದು. ಆದರೆ ಇದರೊಡನೆ ಒಂದು ದುರಭ್ಯಾಸವೂ ಬೆಳೆಯುತ್ತಲಿದೆ. ಒಂದು ಶಬ್ದವನ್ನು ಒಂದೇ ರೂಪದಲ್ಲಿ ಬರೆದು ಕೇಳುವುದು. ಯಂತ್ರವು ‘ಸಿಕ್ಕಲಿಲ್ಲ’ ಎಂದೊಡನೆ ಅಂಥ ಶಬ್ದವೇ ವಾಙ್ಮಯದಲ್ಲಿಲ್ಲವೆಂದು ಸಾರುವುದು!

ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನೂ ಒಂದು ಪ್ರಮಾಣವೆಂದು ಒಪ್ಪಿದ್ದಾರೆ. ಆದರೆ ಅದು ಯೋಗ್ಯಾನುಪಲಬ್ಧಿಯಾಗಿರತಕ್ಕದ್ದು. ಬೆಳಕಿದ್ದ ಕೋಣೆಯಲ್ಲಿ ಗಡಿಗೆಯು ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಏನೂ ಸಿದ್ಧವಾಗದು. ಶೋಧಯಂತ್ರಕ್ಕೆ ಬರೆಯುವ ಪ್ರಶ್ನೆಯೇ ಇಲ್ಲಿಯ ದೀಪವು.

ರಟ್ಟೀಹಳ್ಳಿಯ ವಿದ್ಯಾರ್ಥಿಯೊಬ್ಬನು ಈ ಸೀಮೆಯ ಕೆರೆಗಳ ಚರಿತ್ರೆಯನ್ನು ಶಾಸನಪಾಠಗಳಲ್ಲಿ ಹುಡುಕಹೊರಟನೆಂದು ಭಾವಿಸಿರಿ. ಅವನು ‘ಕೆರೆ’ ಎಂದು ಕೇಳುವನು; ಹಳಗನ್ನಡದ ಶಾಸನವು ಶಕಟರೇಫವಿಟ್ಟು ‘ಕೆಱೆ’ ಎನ್ನುವುದು. ಅವನ ‘ಹಳ್ಳಿ’ಯು ಅಲ್ಲಿ ‘ಪಳ್ಳಿ’. ನೆರೆಯ ಹಿರೇಕೆರೂರಿನ ಹೆಸರಿನಲ್ಲಿಯೇ ಕೆರೆಯ ಕಡೆಯ ಸ್ವರವು ಲೋಪವಾಗಿದೆ. ಮಳೆಗಾಲದಲ್ಲಿ ‘ಕಾಲ’ವು ‘ಗಾಲ’ವಾಗಿದೆ, ಕಂಬನಿಯಲ್ಲಿ ‘ಪನಿ’ಯು ‘ಬನಿ’ಯಾಗಿದೆ. ಊರ ಹೆಸರನ್ನಾದರೂ ರಟ್ಟೀಹಳ್ಳಿಯೆಂದೂ ರಟ್ಟಿಹಳ್ಳಿಯೆಂದೂ ಬರೆಯುವುದುಂಟು. ಬಸವಣ್ಣನವರ ಅಂಕಿತವನ್ನು ‘ಕೂಡಲಸಂಗಮದೇವ’ ಎಂದು ಕೂಡಿಸಿಯೂ ‘ಕೂಡಲ ಸಂಗಮದೇವಾ’ ಎಂದು ಬಿಡಿಸಿಯೂ ಅಚ್ಚುಹಾಕಿದ್ದಾರೆ. ಬರಿಯ ಪದಶೋಧಕ ಯಂತ್ರವು ಅಕ್ಷರಗಳನ್ನು ಸರಿಗಟ್ಟಿ ನೋಡುವುದೇ ಹೊರತು ವ್ಯಾಕರಣವನ್ನರಿಯದು. ಅರ್ಥವನ್ನು ಊಹಿಸುವ ಯಂತ್ರಗಳೂ ಈಗ ಬಂದಿವೆಯಲ್ಲಾ ಎನ್ನುವರು. ಬಂದಿರಲಿ, ಊಹೆಯು ಸಾಕ್ಷ್ಯವಾಗದು.

ಇನ್ನು ಕೆಲವರು ದೋಷವನ್ನು ಭಾಷೆಯ ಮೇಲೆಯೇ ಹೊರಿಸುತ್ತಾರೆ. ಸಂಧಿ-ವಿಭಕ್ತಿಗಳ ಕನ್ನಡವು ಯಂತ್ರಕ್ಕೊಗ್ಗದಂತೆ. ಆದುದರಿಂದ ಸಂಧಿಯನ್ನೇ ಬಿಟ್ಟು ಬರೆಯಬೇಕಂತೆ! ಮೂಗು ಕೊಯ್ದು ನತ್ತು ಇಟ್ಟಂತಾಯಿತು. ಋಗ್ವೇದದ ಸಂಹಿತೆಯನ್ನು ಪದಪದವಾಗಿ ಬಿಡಿಸಿದ ಶಾಕಲ್ಯನು ಸಂಹಿತೆಯನ್ನು ತಿದ್ದಲಿಲ್ಲ. ಪದಪಾಠವನ್ನು ಅದರ ಪಕ್ಕದಲ್ಲಿರಿಸಿದನು. ಗ್ರಂಥವನ್ನು ಜಾಲಕ್ಕೇರಿಸುವವರು ಮಾಡತಕ್ಕದ್ದೂ ಅಷ್ಟೇ: ಮೂಲವು ಇದ್ದಂತಿರಲಿ, ಸಂಧಿ ಬಿಡಿಸಿದ ಪದಸೂಚಿಯು ಅದರ ಜೊತೆಗಿರಲಿ.

ಕೇಳುವವನ ಕರ್ತವ್ಯವೂ ಉಂಟು. ‘ಮರ’ ಎಂದು ಬರೆದು ನಕ್ಷತ್ರಚಿಹ್ನೆಯನ್ನು ಹಚ್ಚಿದರೆ ಮರಣವೂ ಮರಳೂ ಬಂದು ರಾಶಿಬೀಳುವವು. ಮರದ, ಮರಕ್ಕೆ, ಮರವನ್ನು ಎಂದು ರೂಪಗಳನ್ನು ಬಿಡಿಸಿ, ‘ಅಥವಾ’ ಎಂಬ ಸಂಕೇತದಿಂದ ಜೋಡಿಸಿ ಕೇಳಬೇಕು. ಆನೆಯನ್ನು ಹುಡುಕುವವನು ಕರಿ, ಗಜ, ಹಸ್ತಿಗಳನ್ನೂ ಕರೆಯಬೇಕು. ಅಮರಕೋಶದ ಬಾಯಿಪಾಠವು ಇಲ್ಲಿ ವ್ಯರ್ಥವಲ್ಲ. ಕೇಶಿರಾಜನ ಸೂತ್ರಗಳೂ 1894ರ ಕಿಟ್ಟೆಲರ ಕೋಶವೂ ಇಂಥ ಪ್ರಶ್ನೆಗೆ ಕೈದೀವಿಗೆಗಳು. ಅಲ್ಲದೆ ಬರಿಯ ಚಿತ್ರವಾಗಿ ಸೆರೆಹಿಡಿದ ಪುಟಗಳೂ, ಯೂನಿಕೋಡಲ್ಲದ ಹಳೆಯ ಸಂಕೇತಗಳಲ್ಲಿ ಜೋಡಿಸಿದ ಪುಸ್ತಕಗಳೂ ಕಣ್ಣಿಗೆ ಕನ್ನಡವಾಗಿ ಕಂಡರೂ ಹುಡುಕಾಟಕ್ಕೆ ಮೂಕವಾಗಿಯೇ ಇರುವವೆಂಬುದನ್ನು ಮರೆಯಬಾರದು.

ಇದು ಯಂತ್ರದ ನಿಂದೆಯಲ್ಲ. ಒಂದು ಶಬ್ದ, ಒಂದು ಊರು, ಒಬ್ಬ ಕವಿ ಇಲ್ಲವೆಂದು ಹೇಳುವುದು ಸಣ್ಣ ಮಾತಲ್ಲ. ಮುಂದಿನವರು ಅದನ್ನೇ ನಂಬಿ ಹುಡುಕುವುದನ್ನೇ ಬಿಡುವರು. ಆದುದರಿಂದ ‘ಇಲ್ಲ’ವೆನ್ನುವವರು ಯಾವ ಸಂಗ್ರಹದಲ್ಲಿ, ಯಾವ ಯಾವ ರೂಪಗಳಿಂದ ಕೇಳಿದೆವೆಂಬುದನ್ನೂ ಬರೆದಿಡಲಿ. ಅದಿಲ್ಲದ ‘ಇಲ್ಲ’ವನ್ನು ವಿದ್ವಾಂಸರು ಪ್ರಮಾಣವೆಂದು ಸ್ವೀಕರಿಸಲಾಗದು.