ಗುಣವಾದದ್ದು ಮದ್ದಿನಿಂದಲೋ, ದಿನ ಕಳೆದದ್ದರಿಂದಲೋ?



ಕಳೆದ ಕುಟುಂಬ ಮಿಲನದ ಊಟದ ಸಾಲಿನಲ್ಲಿ ಕೊರೋನಾ ಕಾಲದ ಮಾತು ಬಂತು. ಒಬ್ಬರು, "ನಮ್ಮ ಮಾವನವರ ಜೀವ ಉಳಿದದ್ದು ಆ ಮಾತ್ರೆಯಿಂದಲೇ" ಎಂದರು. ಇನ್ನೊಬ್ಬರು, "ಮಾತ್ರೆಯಲ್ಲ, ಕಷಾಯ" ಎಂದರು. ಮೂರನೆಯವರು, "ಇಲ್ಲಿಯ ಆಸ್ಪತ್ರೆಗಳು ಕಂಪ್ಯೂಟರಿನಲ್ಲಿ ನಮ್ಮ ಜಾತಕವನ್ನೇ ಬರೆದಿಟ್ಟಿವೆ. ಅದರಿಂದ ನಮಗೇನು ಬಂತು?" ಎಂದರು. ಮೂವರ ಮಾತಿಗೂ ನನ್ನ ತಕರಾರಿದೆ. ಅಂದು ಪಾಯಸ ಆರುತ್ತಿತ್ತು, ಸುಮ್ಮನಿದ್ದೆ. ಇಂದು ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. 2021ರ ಏಪ್ರಿಲ್‌ನಲ್ಲಿ ನನ್ನ ಭಾವ ಬೆಂಗಳೂರಿನಲ್ಲಿ ಆಸ್ಪತ್ರೆ ಸೇರಿದಾಗ ಕರಾಮಾದ ಮನೆಯಲ್ಲಿ ಕುಳಿತು ಎರಡು ರಾತ್ರಿ ಪ್ಲಾಸ್ಮಾ ದಾನಿಗಳಿಗಾಗಿ ಫೋನು ತಿರುಗಿಸಿದೆ. ನಿಮ್ಮಲ್ಲೂ ಕೆಲವರು ನನ್ನ ಜೊತೆ ನಿದ್ದೆಗೆಟ್ಟಿರಿ. ದಾನಿ ಸಿಕ್ಕರು, ಭಾವ ಬದುಕಿದರು. ಮನೆಯವರೆಲ್ಲ ಇಂದಿಗೂ ಪ್ಲಾಸ್ಮಾಕ್ಕೆ ಕೈಮುಗಿಯುತ್ತಾರೆ. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 39 ಆಸ್ಪತ್ರೆಗಳ 464 ರೋಗಿಗಳಲ್ಲಿ ಪರೀಕ್ಷಿಸಿ, ಪ್ಲಾಸ್ಮಾದಿಂದ ಸಾವು ತಗ್ಗಲಿಲ್ಲವೆಂದು ಕಂಡುಕೊಂಡ ವರದಿ 2020ರ ಅಕ್ಟೋಬರಿನಲ್ಲೇ ಪ್ರಕಟವಾಗಿತ್ತು! 2021ರ ಮೇ ತಿಂಗಳಲ್ಲಿ ಅದನ್ನು ಚಿಕಿತ್ಸಾ ಸೂಚಿಯಿಂದಲೇ ಕೈಬಿಟ್ಟರು. ಪ್ಲಾಸ್ಮಾಕ್ಕಾಗಿ ಊರೆಲ್ಲ ಅಲೆದ ನಮ್ಮ ಹುಡುಗರು ಅದೇ ರಾತ್ರಿ ಬೇರೊಬ್ಬರಿಗೆ ಆಕ್ಸಿಜನ್ ಹುಡುಕಬಹುದಿತ್ತು. ಈ ಮುಳ್ಳು ನನ್ನಲ್ಲಿ ಇನ್ನೂ ಚುಚ್ಚುತ್ತಿದೆ.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದರು ಹಿರಿಯರು. ಪರಾಂಬರಿಸುವುದು ಹೇಗೆ? 2021ರಲ್ಲಿ ಇಲ್ಲಿ ಸೊಟ್ರೊವಿಮಾಬ್ ಪಡೆದ ಆರು ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಶೇ. 97 ಮಂದಿ ಎರಡು ವಾರದಲ್ಲಿ ಗುಣವಾದರೆಂದು ಪತ್ರಿಕೆಗಳಲ್ಲಿ ಓದಿದೆವು. ಔಷಧವನ್ನು ನಾನು ಹಳಿಯುತ್ತಿಲ್ಲ. ಹೋಲಿಕೆಯ ಗುಂಪು ಇಟ್ಟುಕೊಂಡು ನಡೆಸಿದ ಪ್ರಯೋಗದಲ್ಲಿ ಆಗ ಅದರಿಂದ ಪ್ರಯೋಜನ ಕಂಡಿತ್ತು. ಆದರೆ ಅದೇ ವಯಸ್ಸಿನ, ಅದೇ ಸಕ್ಕರೆ ಕಾಯಿಲೆಯ, ಔಷಧ ಪಡೆಯದ ಎಷ್ಟು ಮಂದಿ ಗುಣವಾದರು? ಆ ಲೆಕ್ಕ ಪಕ್ಕದಲ್ಲಿಲ್ಲದಿದ್ದರೆ 97 ಎಂಬುದು ಒಂದೇ ತಟ್ಟೆಯ ತಕ್ಕಡಿ. ಐದನೆಯ ದಿನ ಔಷಧ ಪಡೆದವನು ಐದು ದಿನ ಬದುಕಿದ್ದನಲ್ಲವೇ? ಎರಡನೆಯ ದಿನ ತೀರಿಕೊಂಡವನನ್ನು "ಔಷಧ ಪಡೆಯದವರ" ಪಟ್ಟಿಗೆ ಸೇರಿಸಿದರೆ ಗೋಧಿಹಿಟ್ಟೂ ದಿವ್ಯೌಷಧವಾದೀತು!

ಹಾಗಾದರೆ ದಾಖಲೆ ರಾಶಿ ಬಿದ್ದರೆ ಸಾಕೇ? ಸಾಲದು. 2020ರ ಮೇ 22ರಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ 671 ಆಸ್ಪತ್ರೆಗಳ 96 ಸಾವಿರ ರೋಗಿಗಳ ದಾಖಲೆ ಆಧರಿಸಿದ್ದೆಂದು ಹೇಳಿಕೊಂಡ ಲೇಖನವೊಂದು ಬಂತು: ಹೈಡ್ರಾಕ್ಸಿಕ್ಲೋರೋಕ್ವಿನ್ ಅಪಾಯಕಾರಿ ಎಂದು. ವಿಶ್ವ ಆರೋಗ್ಯ ಸಂಸ್ಥೆ ಆ ಮಾತ್ರೆಯ ಪ್ರಯೋಗವನ್ನೇ ತಡೆಹಿಡಿಯಿತು. ಮೂಲ ದಾಖಲೆ ತೋರಿಸಿ ಎಂದಾಗ ಅದನ್ನು ಒದಗಿಸಿದ ಸರ್ಜಿಸ್ಫಿಯರ್ ಕಂಪನಿ ತೋರಿಸಲಿಲ್ಲ. ಜೂನ್ 4ರಂದು ಲೇಖನ ವಾಪಸಾಯಿತು.

ಅದೇ ತಿಂಗಳು ಬ್ರಿಟನ್ನಿನ 'ರಿಕವರಿ' ಪ್ರಯೋಗ ದಾರಿ ತೋರಿಸಿತು. ಯಾರಿಗೆ ಔಷಧ, ಯಾರಿಗೆ ಇಲ್ಲ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. ರೋಗಿಗಳು ಏನಾದರೆಂಬುದನ್ನು ತಿಳಿಯಲು ಸರ್ಕಾರಿ ಆರೋಗ್ಯ ಸೇವೆಯ ಕಂಪ್ಯೂಟರ್ ದಾಖಲೆಗಳ ನೆರವು ಪಡೆದರು. ಅಗ್ಗದ ಡೆಕ್ಸಾಮೆಥಾಸೋನ್ ವೆಂಟಿಲೇಟರಿನಲ್ಲಿದ್ದವರ ಸಾವನ್ನು ಮೂರನೇ ಒಂದು ಪಾಲು ತಗ್ಗಿಸಿತು. ಆಕ್ಸಿಜನ್ ಬೇಡದವರಿಗೆ ಪ್ರಯೋಜನ ಕಾಣಲಿಲ್ಲ. ಎರಡೂ ಗೊತ್ತಾದದ್ದು ಹೋಲಿಕೆಯಿಂದ.

ಈಗ ನಮ್ಮ ಮಾತು. ಅಬುಧಾಬಿಯಲ್ಲಿ 'ಮಲಾಫಿ' ಇದೆ, ದುಬೈಯಲ್ಲಿ 'ನಬಿದ್' ಇದೆ. ಆದರೆ ನಾವು ಅವುಗಳಿಗೆ ಕೊಡುವುದೇನು? ರಜೆಯಲ್ಲಿ ಊರಿಗೆ ಹೋಗಿ ಮಂಗಳೂರಿನಲ್ಲೋ ಉಡುಪಿಯಲ್ಲೋ ತಪಾಸಣೆ ಮಾಡಿಸಿ, ಉಪ್ಪಿನಕಾಯಿಯ ಪಕ್ಕದಲ್ಲಿ ಆರು ತಿಂಗಳ ಬಿ.ಪಿ. ಮಾತ್ರೆ ಕಟ್ಟಿ ತರುತ್ತೇವೆ. ಇಲ್ಲಿಯ ಡಾಕ್ಟರು "ಬೇರೆ ಮಾತ್ರೆ ಇದೆಯೇ?" ಎಂದರೆ "ಇಲ್ಲ" ಎನ್ನುತ್ತೇವೆ. ಕಂಪ್ಯೂಟರಿನಲ್ಲಿ ನಾವು ನಿರೋಗಿಗಳು! ನಾಳೆ ಇನ್ನೊಂದು ಮಹಾಮಾರಿ ಬಂದಾಗ ಈ ಸುಳ್ಳು ನಿರೋಗಿಗಳ ಲೆಕ್ಕದಿಂದಲೇ ಯಾರಿಗೆ ಯಾವ ಮದ್ದು ಎಂದು ತೀರ್ಮಾನಿಸಬೇಕಾದೀತು. ತಪ್ಪಾದರೆ ದೂರುವುದು ಯಾರನ್ನು?

ಗುಟ್ಟು ಬಯಲಾದೀತೆಂಬ ಅಂಜಿಕೆ ಸಹಜ. ಉದ್ಯೋಗ, ವೀಸಾ ಎಲ್ಲರಿಗೂ ಚಿಂತೆ. ಇಲ್ಲಿಯ 2019ರ 2ನೇ ಸಂಖ್ಯೆಯ ಕಾನೂನು ಆರೋಗ್ಯ ಮಾಹಿತಿಯ ಗೋಪ್ಯತೆ ಕಾಯಬೇಕೆನ್ನುತ್ತದೆ, ದಾಖಲೆಯನ್ನು ಕನಿಷ್ಠ 25 ವರ್ಷ ಇಡಬೇಕೆಂದೂ ಹೇಳುತ್ತದೆ. ಯಾರು ನೋಡುತ್ತಾರೆ, ಯಾತಕ್ಕೆ ಎಂದು ಕೇಳುವ ಅಧಿಕಾರ ನಮ್ಮದು, ಕೇಳೋಣ. ಆದರೆ ಕೇಳುವುದು ಬೇರೆ, ಡಾಕ್ಟರಿಗೆ ಸುಳ್ಳು ಹೇಳುವುದು ಬೇರೆ.

ಹಾಗಾಗಿ ಬಂಧುಗಳೇ, ಊರಿನ ಡಿಸ್ಚಾರ್ಜ್ ಚೀಟಿ ಬೀರುವಿನಲ್ಲಿ ಕೊಳೆಯುವುದು ಬೇಡ, ಕ್ಲಿನಿಕ್ಕಿಗೆ ಒಯ್ದು ಬರೆಸಿ. ಕುಡಿಯುವ ಕಷಾಯವನ್ನೂ ಹೇಳಿ. ಮುಂದಿನ ಬಾರಿ ಯಾರಾದರೂ "ಇದರಿಂದಲೇ ಗುಣವಾಯಿತು" ಎಂದರೆ, ಬೈಯಬೇಡಿ, "ಯಾರಿಗೆ ಹೋಲಿಸಿದರೆ?" ಎಂದು ಒಂದೇ ಪ್ರಶ್ನೆ ಕೇಳಿ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಿರಿ, ಉತ್ತರಿಸಲು ನಾನು ಸಿದ್ಧ.

— ದುಬೈಯ ಒಬ್ಬ ಸದಸ್ಯ