ಹೋಲ್ಡಾನ್ ಹೇಳೋರಿಲ್ಲದ ಬಸ್ಸು

1/7
ಟೆಂಪೋ ಟ್ರಾವೆಲರ್ ಅಥವಾ ವಿಂಗರ್ ತಗೊಂಡು ಅದನ್ನ ಓಡಾಡೋ ಮನೆ ಮಾಡಿಸೋ ಪ್ಲಾನ್ ಇರೋರು ಈ ಸರಣಿ ಪೂರ್ತಿ ಓದಿ. ಹಾಸಿಗೆ, ಅಡುಗೆ ಕಟ್ಟೆ, ಟಾಯ್ಲೆಟ್ ಬಗ್ಗೆ ಎಲ್ಲರೂ ಮಾತಾಡ್ತಾರೆ. ಇವತ್ತಿನ ವಿಷಯ ರಿವರ್ಸ್ ಕ್ಯಾಮೆರಾ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ಕ್ಯಾಮೆರಾ ಅನ್ನೋದು ಪಟ್ಟಿಯ ಕೊನೆಯಲ್ಲಿ, ದುಡ್ಡು ಮಿಕ್ಕಿದ್ರೆ ಹಾಕಿಸೋ ಆಕ್ಸೆಸರಿ ಅಲ್ಲ. ಗಾಡಿಯ ಒಳಗೆ ಒಂದೇ ಒಂದು ಪ್ಲೈವುಡ್ ಕೂರೋಕೆ ಮುಂಚೆ ಅದರ ವೈರ್ ಎಳೆದಿರಬೇಕು.

ಯಾಕೆ ಅಂದ್ರೆ, ಸರ್ಕಾರಿ ಬಸ್ ರಿವರ್ಸ್ ಬರೋದನ್ನ ನೆನಪು ಮಾಡ್ಕೊಳ್ಳಿ. ಕಂಡಕ್ಟರ್ ಕೆಳಗಿಳಿದು ವಿಸಿಲ್ ಊದ್ತಾರೆ. ಲಾರಿ ಆದ್ರೆ ಕ್ಲೀನರ್ ಬಾಡಿಗೆ ಕೈಯಲ್ಲಿ ಬಡೀತಾ "ಬರ್ಲಿ, ಬರ್ಲಿ, ಇನ್ನೂ ಬರ್ಲಿ... ಹೋಲ್ಡಾನ್!" ಅಂತ ಕೂಗ್ತಾನೆ. "ಮೂವತ್ತು ವರ್ಷ ಮಿರರ್ ನೋಡ್ಕೊಂಡೇ ಓಡಿಸಿದೀವಿ, ಕ್ಯಾಮೆರಾ ಯಾಕಪ್ಪ?" ಅನ್ನೋ ಹಿರಿಯ ಡ್ರೈವರ್ ಅಣ್ಣಂದಿರ ಅನುಭವದ ಮೇಲೆ ನನಗೆ ಗೌರವ ಇದೆ. ಆದ್ರೆ ಆ ಮೂವತ್ತು ವರ್ಷದ ಲೆಕ್ಕದಲ್ಲಿ ಹಿಂದೆ ನಿಂತು ಕೂಗಿದವನ ಗಂಟಲೂ ಸೇರಬೇಕಲ್ವಾ?

ಕ್ಯಾಂಪರ್ ವ್ಯಾನ್ ಅಂದ್ರೆ ಕ್ಲೀನರ್ ಇಲ್ಲದ ಬಸ್. ಮನೆಯವರೆಲ್ಲ ಒಳಗೆ ಇರ್ತಾರೆ, ಹಿಂದಿನ ಗಾಜಿಗೆ ಹಾಸಿಗೆ ಇಲ್ಲ ಕಪಾಟು ಅಡ್ಡ ಬಂದಿರುತ್ತೆ. ಒಳಗಿನ ಕನ್ನಡಿಯಲ್ಲಿ ಕಾಣೋದು ದಿಂಬು ಮಾತ್ರ.

2/7
ನನ್ನ ಮಾತು ನಂಬಬೇಡಿ, ಫೋಟೋದಲ್ಲಿರೋ ಪರೀಕ್ಷೆ ನೀವೇ ಮಾಡಿ. ಖಾಲಿ ಮೈದಾನದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಹಾಕಿ. ಒಬ್ಬರು ಡ್ರೈವರ್ ಸೀಟಲ್ಲಿ ಕೂತ್ಕೊಳ್ಳಿ. ಇನ್ನೊಬ್ಬರು ಮೂರು ಅಡಿ ಎತ್ತರ ಬರೋ ಹಾಗೆ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಸ್ಟೂಲ್ ಜೋಡಿಸಿ ಬಂಪರ್ ಹಿಂದೆ, ಸರಿಯಾಗಿ ಮಧ್ಯದಲ್ಲಿ ಇಡ್ಲಿ. ಕಾಣಿಸ್ತಾ? ಇಲ್ಲ. ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಸ್ತಾ ಹೋಗಿ. ಯಾವುದಾದ್ರೂ ಕನ್ನಡಿಯಲ್ಲಿ ಕಾಣೋ ಜಾಗಕ್ಕೆ ಬಂದಾಗ ಟೇಪ್ ಹಿಡಿದು ಅಳೆಯಿರಿ.

ಆ ದೂರ ಎಷ್ಟು ಬಂತೋ ಅಷ್ಟು ಜಾಗ ನಿಮಗೆ ಕಾಣದ ಜಾಗ. ಹಿಂದಿನ ಗಾಜು ಮುಚ್ಚಿದ ಗಾಡಿಯಲ್ಲಿ ಎಷ್ಟು ದೂರ ಇಟ್ರೂ ಸ್ಟೂಲ್ ಕಾಣದೇ ಇರಬಹುದು, ಯಾಕಂದ್ರೆ ಪಕ್ಕದ ಕನ್ನಡಿಗಳು ತೋರಿಸೋದು ಎರಡು ಪಕ್ಕ, ಮಧ್ಯ ಅಲ್ಲ. ಮೂರು ಅಡಿ ಯಾಕೆ ಹೇಳಿದೆ ಅಂದ್ರೆ, ಎರಡು ಮೂರು ವರ್ಷದ ಮಗುವಿನ ಎತ್ತರ ಹೆಚ್ಚುಕಡಿಮೆ ಅಷ್ಟೇ.

3/7
ಅಮೆರಿಕದಲ್ಲಿ ಈ ಕ್ಯಾಮೆರಾ ಕಾನೂನಾಗಿದ್ದು ಹೀಗೇ ಒಂದು ಮಗುವಿನಿಂದ. 2002ರಲ್ಲಿ ಕ್ಯಾಮರಾನ್ ಗಲ್‌ಬ್ರಾನ್ಸನ್ ಅನ್ನೋ ಎರಡು ವರ್ಷದ ಹುಡುಗ ಸ್ವಂತ ಮನೆ ಮುಂದೆ, ಅಪ್ಪ ರಿವರ್ಸ್ ತೆಗೀತಿದ್ದ ಗಾಡಿಗೆ ಸಿಕ್ಕಿ ತೀರಿಕೊಂಡ. ಅವನ ಹೆಸರಿನ ಕಾನೂನಿಗೆ 2008ರಲ್ಲಿ ಸಹಿ ಬಿತ್ತು. ಆದ್ರೆ ಅದು ಪೂರ್ತಿ ಜಾರಿಗೆ ಬರೋಕೆ 2018ರ ಮೇ ತನಕ ಕಾಯಬೇಕಾಯ್ತು. ಗಾಡಿಯ ಹಿಂದೆ 10 ಅಡಿ ಅಗಲ, 20 ಅಡಿ ಉದ್ದದ ಜಾಗ ಕಾಣಬೇಕು, ರಿವರ್ಸ್ ಗೇರ್ ಹಾಕಿದ 2 ಸೆಕೆಂಡ್ ಒಳಗೆ ಚಿತ್ರ ಬರಬೇಕು ಅನ್ನೋದು ನಿಯಮ. ತಮಾಷೆ ಏನು ಗೊತ್ತಾ? ಇದು 10,000 ಪೌಂಡ್, ಅಂದ್ರೆ ಸುಮಾರು 4,500 ಕೆಜಿ ಒಳಗಿನ ಗಾಡಿಗಳಿಗೆ ಮಾತ್ರ. ಅದಕ್ಕಿಂತ ಭಾರದ ದೊಡ್ಡ ಮೋಟರ್‌ಹೋಮ್‌ಗಳು, ಅಂದ್ರೆ ಹಿಂದೆ ಏನೂ ಕಾಣದ ಗಾಡಿಗಳೇ, ಹೊರಗೆ ಉಳಿದವು.

ನಮ್ಮಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ರಿವರ್ಸ್ ಪಾರ್ಕಿಂಗ್ ಸೆನ್ಸರ್ ಕಡ್ಡಾಯ ಆಯ್ತು. ಸೆನ್ಸರ್ ಅಂದ್ರೆ ಬೀಪ್ ಬೀಪ್ ಅನ್ನೋದು, ಕ್ಯಾಮೆರಾ ಅಲ್ಲ. ಏನೋ ಇದೆ ಅಂತ ಹೇಳುತ್ತೆ, ಏನಿದೆ ಅಂತ ಹೇಳಲ್ಲ. ಹಾಗಾಗಿ ಕ್ಯಾಂಪರ್ ಕಟ್ಟಿಸೋರು ಕಾನೂನು ಹೇಳಲಿ ಅಂತ ಕಾಯೋದು ಬೇಡ. ಆ 10 ಅಡಿ, 20 ಅಡಿ, 2 ಸೆಕೆಂಡ್ ಲೆಕ್ಕವನ್ನೇ ನಿಮ್ಮ ಗಾಡಿಗೂ ಇಟ್ಕೊಳ್ಳಿ.

4/7
ಈಗ ಅಂಗಡಿಗೆ ಹೋಗೋಣ. ಬೆಂಗಳೂರಿನವರಾದ್ರೆ ಜೆ.ಸಿ. ರೋಡ್, ಬೇರೆ ಊರಿನವರು ನಿಮ್ಮೂರಿನ ಆಟೋ ಎಲೆಕ್ಟ್ರಿಷಿಯನ್ ಹತ್ರ. ಈ ಐದು ಕೇಳದೆ ದುಡ್ಡು ಕೊಡಬೇಡಿ.

ಒಂದು, ವೋಲ್ಟ್. ಟ್ರಾವೆಲರ್ ಥರದ ವ್ಯಾನ್ 12 ವೋಲ್ಟ್, ದೊಡ್ಡ ಬಸ್ಸು ಲಾರಿ 24 ವೋಲ್ಟ್. 12ರ ಕ್ಯಾಮೆರಾನ 24ಕ್ಕೆ ಕೊಟ್ರೆ ಸುಟ್ಟುಹೋಗುತ್ತೆ.

ಎರಡು, ವೈರ್ ಇದೆಯೋ ಇಲ್ವೋ. ವೈರ್‌ಲೆಸ್ ಅಂತ ಮಾರೋದಕ್ಕೂ ಕರೆಂಟಿನ ವೈರ್ ಬೇಕೇ ಬೇಕು. ಚಿತ್ರ ಮಾತ್ರ ಗಾಳಿಯಲ್ಲಿ ಬರುತ್ತೆ. ಉದ್ದನೆಯ ತಗಡಿನ ಬಾಡಿ ದಾಟಿ ಬರೋವಾಗ ಅಗ್ಗದ ವೈರ್‌ಲೆಸ್ ಚಿತ್ರ ಅದುರುತ್ತೆ, ಕೆಲವು ಸಲ ನಿಂತೇ ಹೋಗುತ್ತೆ. ನಿಂತ ಚಿತ್ರ ಕಪ್ಪು ಪರದೆಗಿಂತ ಅಪಾಯ, ಯಾಕಂದ್ರೆ ಹಿಂದೆ ಖಾಲಿ ಇದೆ ಅಂತಲೇ ನೀವು ಅಂದ್ಕೊಂಡಿರ್ತೀರ. ಹೊಸದಾಗಿ ಕಟ್ಟಿಸೋ ಗಾಡಿಗೆ ವೈರ್ ಇರೋದೇ ಸರಿ.

ಮೂರು, ಜೋಡಿ. ಎಎಚ್‌ಡಿ ಕ್ಯಾಮೆರಾಗೆ ಎಎಚ್‌ಡಿ ತಗೊಳ್ಳೋ ಪರದೆಯೇ ಬೇಕು. ಕ್ಯಾಮೆರಾ ಒಂದು ಕಡೆ, ಪರದೆ ಇನ್ನೊಂದು ಕಡೆ ತಗೊಂಡು ಎರಡಕ್ಕೂ ಹೊಂದದೆ ಕಪ್ಪು ಪರದೆ ನೋಡ್ತಾ ಕೂರಬೇಡಿ. ಅಂಗಡಿಯಲ್ಲೇ ಹಚ್ಚಿ ನೋಡಿ.

ನಾಲ್ಕು, ಕೋನ. 170 ಡಿಗ್ರಿ ಅಂತ ದೊಡ್ಡದಾಗಿ ಬರೆದಿದ್ದು ಯಾವಾಗಲೂ ಒಳ್ಳೇದಲ್ಲ. ಜಾಸ್ತಿ ಅಗಲ ಆದಷ್ಟೂ ಅಂಚು ಬಾಗುತ್ತೆ, ಹತ್ತಿರದ ಗೋಡೆ ದೂರ ಇರೋ ಹಾಗೆ ಕಾಣುತ್ತೆ. 120ರಿಂದ 140ರ ಆಸುಪಾಸು ನನ್ನ ಆಯ್ಕೆ.

ಐದು, ನೀರು. ಐಪಿ67 ಅಂದ್ರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಮುಳುಗಿಸಿದ್ರೂ ತಡೆಯುತ್ತೆ. ಐಪಿ69ಕೆ ಅಂದ್ರೆ ವಾಟರ್ ಸರ್ವಿಸ್‌ನಲ್ಲಿ ಹೊಡೆಯೋ ಜೋರು ನೀರನ್ನೂ ತಡೆಯುತ್ತೆ. ಮಲೆನಾಡಿನ ಮಳೆಗೂ, ಹಿಂದಿನ ಚಕ್ರ ಎರಚೋ ಕೆಸರಿಗೂ ಇದರಲ್ಲಿ ಒಂದಾದ್ರೂ ಇರಲೇಬೇಕು.

5/7
ನನ್ನ ಪ್ರಕಾರ ಅರ್ಧ ಕೆಲಸ ಕ್ಯಾಮೆರಾದ್ದು, ಇನ್ನರ್ಧ ಕೂರಿಸೋ ಕೈಯದ್ದು. ಪ್ಲೈವುಡ್‌ಗಿಂತ ಮುಂಚೆ ಅಂದಿದ್ದು ಇದಕ್ಕೇ. ಗೋಡೆ ತೆರೆದಿರೋವಾಗ ಹಿಂದಿನಿಂದ ಡ್ಯಾಶ್‌ಬೋರ್ಡ್ ತನಕ ಪೈಪ್ ಒಳಗೆ ವೈರ್ ಎಳೆಯೋದು ಸಣ್ಣ ಕೆಲಸ. ಕಪಾಟು, ಲೈನಿಂಗ್ ಎಲ್ಲ ಕೂತ ಮೇಲೆ ಅದೇ ಕೆಲಸಕ್ಕೆ ಒಳಗಿನದ್ದನ್ನೆಲ್ಲ ಬಿಚ್ಚಬೇಕು. ಯಾರೂ ಬಿಚ್ಚಲ್ಲ. ಅಗ್ಗದ ವೈರ್‌ಲೆಸ್ ಅಂಟಿಸಿ ಸುಮ್ಮನಾಗ್ತಾರೆ.

ಜಾಗ: ಹಿಂದೆ ಮೇಲ್ಗಡೆ, ಸರಿಯಾಗಿ ಮಧ್ಯದಲ್ಲಿ, ಕೆಳಕ್ಕೆ ಬಾಗಿಸಿ. ಚಿತ್ರದ ಕೆಳಗಿನ ಅಂಚಲ್ಲಿ ನಿಮ್ಮದೇ ಬಂಪರ್ ಸ್ವಲ್ಪ ಕಾಣಬೇಕು. ಸೈಕಲ್ ಸ್ಟ್ಯಾಂಡು, ಏಣಿ ಹಾಕೋ ಪ್ಲಾನ್ ಇದ್ರೆ ಅವು ಅಡ್ಡ ಬರ್ತಾವಾ ಅಂತ ಈಗಲೇ ನೋಡ್ಕೊಳ್ಳಿ.

ತೂತು: ಕೊರೆದ ಅಂಚಿಗೆ ಪೇಂಟ್ ಹಚ್ಚಿ, ಇಲ್ಲಾಂದ್ರೆ ಅಲ್ಲಿಂದಲೇ ತುಕ್ಕು ಶುರು. ರಬ್ಬರ್ ಬುಷ್ ಹಾಕಿ, ಸೀಲಂಟ್ ತುಂಬಿ. ವೈರ್ ಒಳಗೆ ಹೋಗೋಕೆ ಮುಂಚೆ ಸ್ವಲ್ಪ ಕೆಳಗೆ ಜೋಲು ಬಿಡಿ. ಮಳೆ ನೀರು ವೈರ್ ಹಿಡ್ಕೊಂಡು ಒಳಗೆ ಬರದೆ ಅಲ್ಲೇ ತೊಟ್ಟಿಕ್ಕುತ್ತೆ.

ಕರೆಂಟು: ರಿವರ್ಸ್ ಲೈಟಿನ ವೈರಿಂದ ಸಿಗ್ನಲ್ ತಗೊಂಡ್ರೆ ಗೇರ್ ಹಾಕಿದ ತಕ್ಷಣ ಚಿತ್ರ ಬರುತ್ತೆ. ಓಡ್ತಾ ಇರೋವಾಗಲೂ ಹಿಂದೆ ನೋಡಬೇಕು ಅಂದ್ರೆ ಕೀ ತಿರುಗಿಸಿದಾಗ ಆನ್ ಆಗೋ ಲೈನಿಂದ ಕೊಡಿ. ನೇರ ಬ್ಯಾಟರಿಗೆ ಕೊಟ್ರೆ ಗಾಡಿ ನಿಂತಾಗಲೂ ಬ್ಯಾಟರಿ ಖರ್ಚಾಗ್ತಾನೇ ಇರುತ್ತೆ. ಎಲ್ಲಿಂದ ತಗೊಂಡ್ರೂ ಫ್ಯೂಸ್ ಇಲ್ಲದೆ ತಗೋಬೇಡಿ.

6/7
ಕೂರಿಸಿದ ಮೇಲೆ ದುಡ್ಡು ಕೊಡೋಕೆ ಮುಂಚೆ ಮೂರು ಪರೀಕ್ಷೆ. ಗೇರ್ ಹಾಕಿ ಸೆಕೆಂಡ್ ಎಣಿಸಿ. 2 ದಾಟಿದ್ರೆ ಒಪ್ಕೋಬೇಡಿ. ಒಬ್ಬರನ್ನ ಗಾಡಿಯ ಎಡ ಮೂಲೆಯ ಹಿಂದೆ ನಿಲ್ಲಿಸಿ. ಪರದೆಯ ಎಡಗಡೆಯಲ್ಲೇ ಕಾಣಬೇಕು. ಬಲಗಡೆ ಕಂಡ್ರೆ ಚಿತ್ರ ಕನ್ನಡಿ ಥರ ತಿರುಗಿಲ್ಲ ಅಂತ ಅರ್ಥ, ಸೆಟ್ಟಿಂಗ್ ಬದಲಾಯಿಸಿ. ಕೊನೇದು, ಪರದೆ ಮೇಲಿನ ಹಸಿರು, ಹಳದಿ, ಕೆಂಪು ಗೆರೆಗಳು ಎಷ್ಟೋ ಕಿಟ್‌ಗಳಲ್ಲಿ ಬರೀ ಗೆರೆಗಳು, ನಿಮ್ಮ ಗಾಡಿಯ ಅಳತೆ ಗೊತ್ತಿರೋದಲ್ಲ. ರಂಗೋಲಿ ಪುಡಿಯಲ್ಲಿ ಬಂಪರಿಂದ 1, 2, 3 ಮೀಟರ್‌ಗೆ ಗೆರೆ ಎಳೆದು, ಪರದೆಯಲ್ಲಿ ಯಾವುದು ಎಲ್ಲಿ ಬರುತ್ತೆ ನೋಡಿ ತಲೇಲಿಟ್ಕೊಳ್ಳಿ.

ಆಮೇಲೂ ಕ್ಯಾಮೆರಾ ನೋಡದ ಒಂದು ದಿಕ್ಕಿದೆ: ಮೇಲೆ. ಮೂಡಿಗೆರೆ, ಸಕಲೇಶಪುರ ಕಡೆ ಹೋಂಸ್ಟೇ ದಾರಿ ಹೇಗಿರುತ್ತೆ ಗೊತ್ತಲ್ಲ. ಎರಡು ಕಡೆ ಕಾಫಿ ತೋಟದ ಬೇಲಿ, ಮೇಲೆ ಸಿಲ್ವರ್ ಓಕ್ ಕೊಂಬೆ, ಕತ್ತಲಾದ ಮೇಲೆ ತಿರುಗಿಸೋಕೂ ಜಾಗ ಇಲ್ಲದೆ ರಿವರ್ಸೇ ಬರಬೇಕು. ಕೆಳಕ್ಕೆ ನೋಡ್ತಿರೋ ಕ್ಯಾಮೆರಾಗೆ ಕೊಂಬೆ, ಸಜ್ಜಾ, ಕರೆಂಟ್ ವೈರ್ ಕಾಣಲ್ಲ. ಗಾಡಿ ತಲೆ ಮೇಲೆ ಎಸಿ, ಸೋಲಾರ್ ಪ್ಯಾನೆಲ್ ಕೂತಿದ್ರೆ ಮೊದಲು ತಾಗೋದು ಅವೇ.

ಅದಕ್ಕೆ ನನ್ನ ವಾದ "ಕ್ಯಾಮೆರಾ ಹಾಕ್ಸಿ, ಇನ್ಯಾರೂ ಇಳಿಯೋದು ಬೇಡ" ಅಂತಲ್ಲ. ಗೊತ್ತಿಲ್ಲದ ಜಾಗದಲ್ಲಿ ಒಬ್ಬರು ಇಳೀಲೇಬೇಕು, ಟಾರ್ಚ್ ಹಿಡಿದು, ಡ್ರೈವರ್ ಕನ್ನಡಿಯಲ್ಲಿ ಕಾಣೋ ಹಾಗೆ ಪಕ್ಕಕ್ಕೆ ನಿಲ್ಲಬೇಕು. ಆ ಇಳಿದವರನ್ನೂ ಕಾಯೋದು ಕ್ಯಾಮೆರಾನೇ. ಕನ್ನಡಿಯಿಂದ ಅವರು ಮಾಯವಾದ ಕ್ಷಣ ಬ್ರೇಕ್ ಒತ್ತಿ.

7/7
ಕೊನೆಗೆ ನಮ್ಮ ಬಿಕಾಂ ಲೆಕ್ಕ. ಹಿಂದಿನ ಬಾಗಿಲು ಒಂದ್ಸಲ ಕಂಬಕ್ಕೆ ತಾಗಿ ಇನ್ಶೂರೆನ್ಸ್ ಕ್ಲೇಮ್ ಮಾಡಿದ್ರೆ ಹೋಗೋದು ಬರೀ ಗ್ಯಾರೇಜಿನ ದಿನಗಳಲ್ಲ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ ಓನ್ ಡ್ಯಾಮೇಜ್ ಪ್ರೀಮಿಯಂ ಮೇಲೆ 20% ರಿಯಾಯಿತಿ ಸಿಗುತ್ತೆ, ಸತತ 5 ವರ್ಷಕ್ಕೆ ಅದು 50% ಆಗುತ್ತೆ. ಒಂದು ಕ್ಲೇಮ್‌ಗೆ ಕಟ್ಟಿಕೊಂಡು ಬಂದಿದ್ದೆಲ್ಲ ಸೊನ್ನೆ. ಇನ್ನೊಂದು, ಹೊರಗೆ ಹಾಕಿಸಿದ ಕ್ಯಾಮೆರಾ, ಪರದೆಯ ಬಿಲ್ ಇಟ್ಕೊಳ್ಳಿ, ಪಾಲಿಸಿಯಲ್ಲಿ ಎಲೆಕ್ಟ್ರಿಕಲ್ ಆಕ್ಸೆಸರಿ ಅಂತ ಬರೆಸಿ. ಬರೆಸದಿದ್ರೆ ಅದಕ್ಕೆ ಪರಿಹಾರ ಸಿಗಲ್ಲ.

ಇದೆಲ್ಲ ದುಡ್ಡಿನ ಲೆಕ್ಕ, ಬ್ಯಾಲೆನ್ಸ್ ಶೀಟಲ್ಲಿ ಬರುತ್ತೆ. ಎರಡನೇ ಫೋಟೋದ ಸ್ಟೂಲ್ ಜಾಗದಲ್ಲಿ ನಿಲ್ಲಬಹುದಾದವರು ಯಾವ ಶೀಟಲ್ಲೂ ಬರಲ್ಲ. ಹಾಗಾಗಿ ನಿಮ್ಮ ಬಿಲ್ಡರ್ ಕೊಟೇಶನ್ ಕೊಟ್ಟಾಗ ಮೂಡ್ ಲೈಟು, ಸ್ಪೀಕರ್ ಎಷ್ಟನೇ ಸಾಲಲ್ಲಿದೆ, ಕ್ಯಾಮೆರಾ ಎಷ್ಟನೇ ಸಾಲಲ್ಲಿದೆ ನೋಡಿ. ಕೆಳಗಿದ್ರೆ ಮೇಲಕ್ಕೆ ತನ್ನಿ. ದುಡ್ಡು ಸಾಲದಿದ್ರೆ ಮೂಡ್ ಲೈಟ್ ಬಿಡಿ.

ನಿಮ್ಮ ಗಾಡಿಯಲ್ಲಿ ಸ್ಟೂಲ್ ಎಷ್ಟು ಅಡಿಗೆ ಕಾಣಿಸ್ತು? ಅಳೆದು ಕೆಳಗೆ ಬರೀರಿ, ಗಾಡಿ ಯಾವುದು ಅಂತಾನೂ ಹಾಕಿ. ವ್ಯಾನ್ ಕಟ್ಟಿಸ್ತಿರೋ ಫ್ರೆಂಡ್ ಇದ್ರೆ ಪ್ಲೈವುಡ್ ಕೂರೋಕೆ ಮುಂಚೆನೇ ಕಳಿಸಿ.

#ಕ್ಯಾಂಪರ್‌ವ್ಯಾನ್ #ಓಡಾಡೋಮನೆ #ರಿವರ್ಸ್‌ಕ್ಯಾಮೆರಾ #ಬರ್ಲಿಬರ್ಲಿ #ಕನ್ನಡದಲ್ಲಿಓದಿ