ನಮ್ಮೂರ ದೆವ್ವಕ್ಕೆ ವಿಳಾಸ ಬರೆಯಿರಿ

ಕಾದಂಬರಿ ಬರೆಯಲು ಹೊರಟಿರುವ ಗೆಳೆಯರೇ, ಅದರಲ್ಲೂ ಭಟ್ಕಳ, ಹೊನ್ನಾವರ, ಕುಮಟೆಯಲ್ಲಿ ಹುಟ್ಟಿ ಇವತ್ತು ಬೆಂಗಳೂರಿನಲ್ಲೋ ದುಬೈಯಲ್ಲೋ ಕೂತು ಬರೆಯುತ್ತಿರುವವರೇ, ನಿಮ್ಮ ಹತ್ತಿರ ಒಂದು ಮಾತು ಕೇಳುವುದಿದೆ. ನಮ್ಮ ಕರಾವಳಿಗೆ ಒಂದು ಭಯದ ಕಾದಂಬರಿ ಬೇಕು. ದುಡಿಮೆ ಸತ್ತ ಊರಿನಲ್ಲಿ ಸತ್ತವರಿಗೆ ಯಾಕೆ ನಿದ್ದೆ ಬರುವುದಿಲ್ಲ ಎಂದು ಹೇಳುವ ಕಾದಂಬರಿ. ಅದನ್ನು ನೀವು ಬರೆಯಬೇಕು, ಬೇಗ ಬರೆಯಬೇಕು.

ಇಂಥ ಕಾದಂಬರಿಗಳು ಹೊರದೇಶಗಳಲ್ಲಿ ಬೇಕಾದಷ್ಟು ಬಂದಿವೆ. ಮುಚ್ಚಿದ ಗಣಿ, ತುಕ್ಕು ತಿಂದ ಕಾರ್ಖಾನೆ, ಕೆಲಸ ಹುಡುಕಿ ಹೊರಟುಹೋದ ಹುಡುಗರು, ಖಾಲಿ ಬೀದಿಯಲ್ಲಿ ರಾತ್ರಿ ಓಡಾಡುವ ಏನೋ ಒಂದು. ನಮ್ಮಲ್ಲೂ ಅಂಥ ಊರಿದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಗೆತ್ತಿಕೊಂಡ ಕೋಲಾರದ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, 2001ರ ಫೆಬ್ರವರಿ 28ರಂದು ಮುಚ್ಚಿತು. ಕಲ್ಲಿನ ಧೂಳು ಎದೆಗೂಡು ತುಂಬಿ ಸತ್ತವರ ಮಕ್ಕಳು, ಮೊಮ್ಮಕ್ಕಳು ಅಲ್ಲೇ ಇದ್ದಾರೆ. ಸಯನೈಡ್ ಮಣ್ಣಿನ ದಿಬ್ಬಗಳೂ ಅಲ್ಲೇ ಇವೆ. ಕೆಜಿಎಫ್ ಎಂಬ ಆ ಊರಿನ ಮೂರಕ್ಷರವನ್ನು ದೇಶವೆಲ್ಲ ಕೂಗಿದ್ದು 2018ರ ಸಿನಿಮಾದಿಂದ. ಹೆಸರನ್ನು ಎಲ್ಲರೂ ಕೊಂಡೊಯ್ದರು, ಧೂಳು ಊರಿನವರ ಪಾಲಿಗೇ ಉಳಿಯಿತು. ನಮ್ಮ ಮೂರು ತಾಲ್ಲೂಕುಗಳಿಗೆ ಆ ಗತಿ ಬರಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ.

ನಮ್ಮಲ್ಲಿ ದೊಡ್ಡ ಕಾರ್ಖಾನೆ ಎಲ್ಲಿತ್ತು ಎಂದು ಕೇಳಬಹುದು. ಕುಮಟೆಯ ಚರಿತ್ರೆ ತೆರೆದು ನೋಡಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಂತಾಯಿತು. ಆಗ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆಯ ಬಂದರಿಗೆ ಬಂತು. ಒಂದು ಗಿಡ ಹತ್ತಿ ಬೆಳೆಯದ ಊರಿನ ಹೆಸರು ಲಿವರ್‌ಪೂಲಿನ ಪೇಟೆಯಲ್ಲಿ ಹತ್ತಿಯ ತಳಿಯೊಂದರ ಹೆಸರಾಯಿತು. ಹತ್ತಿಯ ಲಾಭಕ್ಕಾಗಿಯೇ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಕಾಲು ಶತಮಾನ ಕಳೆಯುವಷ್ಟರಲ್ಲಿ ಗೋವೆಯ ಮುರಗಾಂವಿಗೆ ರೈಲು ಬಂತು. ಹತ್ತಿ ಆ ಕಡೆ ತಿರುಗಿತು. ಅಂಡಿಗೆ ಹೊತ್ತವರು, ದೋಣಿ ನಡೆಸಿದವರು, ಎತ್ತಿನ ಗಾಡಿಯವರು ಏನಾದರು? ಅವರ ಬಗ್ಗೆ ಕನ್ನಡದಲ್ಲಿ ಎಷ್ಟು ಪುಟಗಳಿವೆ?

ಶರಾವತಿಯ ದಂಡೆಯಲ್ಲಿ ಇನ್ನೂ ಹಿಂದಕ್ಕೆ ಹೋಗಿ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿ ಆಳಿದ ಗೇರುಸೊಪ್ಪೆ, ಮೆಣಸಿನ ವ್ಯಾಪಾರದಿಂದ ಬದುಕಿದ ನಗರ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಆ ದಾರಿಯಲ್ಲಿ ಬಂದಾಗ ನಗರ ಹಾಳುಬಿದ್ದು ಕಾಡು ಬೆಳೆದಿತ್ತು. ಇವತ್ತು ಚತುರ್ಮುಖ ಬಸದಿ ಆ ಕಾಡಿನ ನಡುವೆ ನಿಂತಿದೆ, ನಾವು ರಜೆಯಲ್ಲಿ ಹೋಗಿ ಫೋಟೊ ತೆಗೆದು ಬರುತ್ತೇವೆ. ರಾಣಿಯ ಕಥೆಯನ್ನು ಗಜಾನನ ಶರ್ಮರು ಕಾದಂಬರಿ ಮಾಡಿದ್ದಾರೆ, ಅದು ದೊಡ್ಡ ಕೆಲಸ. ಮೆಣಸು ಕೊಯ್ದು, ಒಣಗಿಸಿ, ಹೊತ್ತು ಇಳಿಸಿದವರ ಕಥೆ ಇನ್ನೂ ಕಾಡಿನೊಳಗೇ ಇದೆ.

ಈ ನೆಲದಿಂದ ಭಯವನ್ನು ಬರೆದವರು ಇಲ್ಲವೆಂದಲ್ಲ. ಕುಮಟಾ ತಾಲ್ಲೂಕಿನ ಹನೇಹಳ್ಳಿಯಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ಮುಂಬಯಿಯ ಉದ್ಯಮದಲ್ಲಿ ದುಡಿಯುತ್ತಲೇ 'ಶಿಕಾರಿ' ಬರೆದರು. 1979ರ ಆ ಕಾದಂಬರಿಯಲ್ಲಿ ದೆವ್ವವಿಲ್ಲ. ಕಂಪನಿಯೊಂದು ತನ್ನ ಅಧಿಕಾರಿಯನ್ನು ಕಾರಣ ಸರಿಯಾಗಿ ಹೇಳದೆ ಕೆಲಸದಿಂದ ದೂರ ನಿಲ್ಲಿಸುತ್ತದೆ, ಅಷ್ಟಕ್ಕೇ ಓದುವವನ ಬೆನ್ನುಹುರಿ ತಣ್ಣಗಾಗುತ್ತದೆ. ಘಟ್ಟದ ಮೇಲೆ, ಶರಾವತಿ ಜಲವಿದ್ಯುತ್ ಯೋಜನೆಯ ಜಾಗದಲ್ಲೇ ನೌಕರಿ ಮಾಡಿದ ನಾ. ಡಿಸೋಜರು 'ಮುಳುಗಡೆ', 'ದ್ವೀಪ' ಬರೆದರು. ನೀರು ಮೆಟ್ಟಿಲು ಮೆಟ್ಟಿಲಾಗಿ ಮನೆಯೊಳಗೆ ಬರುವುದಕ್ಕಿಂತ ದೊಡ್ಡ ಭಯ ಯಾವ ಪಾಳುಬಂಗಲೆಯಲ್ಲಿದೆ? ಇಬ್ಬರೂ ಈಗ ಇಲ್ಲ. ಅವರು ಬಿಟ್ಟ ಕಡೆಯಿಂದ ಘಟ್ಟದ ಕೆಳಗಿನ ಕಥೆ ಹಿಡಿಯಬೇಕಾದವರು ನೀವು.

ಆದರೆ ಹಿಡಿಯುವ ಮೊದಲು ಒಂದು ಎಚ್ಚರ ಬೇಕು, ಇದನ್ನು ನಾನು ಕೈಮುಗಿದು ಹೇಳುತ್ತೇನೆ. ನಮ್ಮ ಅಜ್ಜಿಯರು ಹೇಳಿದ ದೆವ್ವದ ಕಥೆಗಳನ್ನು ಮತ್ತೊಮ್ಮೆ ನೆನಪಿಸಿಕೊಳ್ಳಿ. ಬಾವಿಗೆ ಬಿದ್ದ ಸೊಸೆ, ಹೆರಿಗೆಯಲ್ಲಿ ಸತ್ತ ಬಾಣಂತಿ, ಕೂಲಿ ಕೇಳಲು ಹೋಗಿ ತಿರುಗಿ ಬರದ ಆಳು. ಅನ್ಯಾಯವಾದದ್ದು ಅವರಿಗೆ, ಹೆದರಿಸುವ ಪಾತ್ರ ಕೊಟ್ಟದ್ದೂ ಅವರಿಗೇ. ಆ ಸೊಸೆ ಯಾಕೆ ಬಾವಿಗೆ ಬಿದ್ದಳು ಎಂದು ಯಾರೂ ಕೇಳದಂತೆ ಆ ಭಯ ಬಾವಿಕಟ್ಟೆಯ ಮೇಲೆ ಕಾವಲು ಕೂತಿತು. ನಿಮ್ಮ ಕಾದಂಬರಿ ಅದನ್ನೇ ಮಾಡಿದರೆ ಬರೆಯದಿರುವುದೇ ಒಳ್ಳೆಯದು. ಜಟಕ, ಚೌಡಿ, ಮಾಸ್ತಿಯರನ್ನೂ ಅಗ್ಗದ ದೆವ್ವ ಮಾಡಬೇಡಿ. ಹಣ್ಣುಕಾಯಿ ಇಟ್ಟು ಕೈಮುಗಿಯುವವರಿಗೆ ಅವರು ಗಡಿ ಕಾಯುವವರು.

ಬಡವರ ಮೇಲೆ, ಬೇರೆಯವರ ಮೇಲೆ ಭಯ ಹೊರಿಸಿದರೆ ಏನಾಗುತ್ತದೆ ಎಂದು ನಾವು ಕಣ್ಣಾರೆ ಕಂಡಿದ್ದೇವೆ. 2017ರ ಡಿಸೆಂಬರಿನಲ್ಲಿ ಹೊನ್ನಾವರದ ಕೆರೆಯಲ್ಲಿ ಯುವಕನೊಬ್ಬನ ಶವ ಸಿಕ್ಕಿತು. ಆತ ಹೀಗೆ ಸತ್ತ, ಹಾಗೆ ಕೊಂದರು ಎಂಬ ಕಥೆಗಳು ಮೊಬೈಲಿನಿಂದ ಮೊಬೈಲಿಗೆ ಹಾರಿದವು. ಕುಮಟೆಯಲ್ಲಿ ಪೊಲೀಸ್ ಅಧಿಕಾರಿಯ ವಾಹನ ಸುಟ್ಟು ಹೋಯಿತು, ಶಿರಸಿಯ ಬೀದಿಗಳಲ್ಲಿ ಕಲ್ಲು ಬಿದ್ದವು. ಕೊಲೆಗೆ ಸಾಕ್ಷ್ಯವಿಲ್ಲ, ಅದು ಮುಳುಗಿ ಆದ ಸಾವು ಎಂದು ಸಿಬಿಐ 2022ರಲ್ಲಿ ವರದಿ ಕೊಟ್ಟಿತು. ಅಷ್ಟರಲ್ಲಿ ಕಥೆ ತನ್ನ ಕೆಲಸ ಮುಗಿಸಿತ್ತು. ಭಟ್ಕಳದ ಹೆಸರನ್ನಂತೂ ಟಿವಿಯವರು ಮಕ್ಕಳನ್ನು ಹೆದರಿಸುವ ಹೆಸರನ್ನಾಗಿ ಮಾಡಿಬಿಟ್ಟರು. ಆ ಊರಿನ ಹುಡುಗ ಬಾಡಿಗೆ ಮನೆ ಹುಡುಕುವಾಗ ತನ್ನೂರು ಯಾವುದೆಂದು ಹೇಳಲು ಹಿಂಜರಿಯುತ್ತಾನೆ. ವಿಜಯನಗರದ ಕಾಲದಲ್ಲಿ ಅರಬ್ಬೀ ಕುದುರೆಗಳು ಇಳಿದ ಬಂದರು ಅದು. ಅಲ್ಲಿಯ ನವಾಯತ ಮುಸ್ಲಿಮರ ಎಷ್ಟೋ ದೊಡ್ಡ ಮನೆಗಳು ಇವತ್ತು ವರ್ಷದ ಬಹುಪಾಲು ಬೀಗ ಹಾಕಿಕೊಂಡಿರುತ್ತವೆ, ಮನೆಯವರೆಲ್ಲ ಕೊಲ್ಲಿ ದೇಶಗಳಲ್ಲಿ. ಬೀಗದ ಹಿಂದೆ ಯಾವ ರಹಸ್ಯವಿದೆ ಎಂದು ಕಲ್ಪಿಸುವ ಮೊದಲು, ದುಡಿಮೆ ಹುಡುಕಿ ಒಂದು ಊರೇ ಕಡಲು ದಾಟಬೇಕಾದದ್ದು ಯಾಕೆ ಎಂದು ಕೇಳಿ.

ಈಗ ಹೊನ್ನಾವರದ ಕಾಸರಕೋಡು ಟೊಂಕಕ್ಕೆ ಬನ್ನಿ. ಶರಾವತಿ ಕಡಲು ಸೇರುವ ಜಾಗದ ಮರಳದಿಬ್ಬ. ಹೆಂಗಸರು ಅಲ್ಲಿ ಮೀನು ಒಣಗಿಸುತ್ತಾರೆ, ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಕಾಸರಕೋಡಿನ ಕಡಲತೀರಕ್ಕೇ 2020ರಲ್ಲಿ ಬ್ಲೂ ಫ್ಲಾಗ್ ಮಾನ್ಯತೆ ಬಂತು. ಟೊಂಕದಲ್ಲಿ ಖಾಸಗಿ ಬಂದರು ಕಟ್ಟುವ ಯೋಜನೆ ಒಂದೂವರೆ ದಶಕದಿಂದ ಅಲ್ಲಿಯ ಮೀನುಗಾರರ ನಿದ್ದೆ ಕೆಡಿಸಿದೆ. ಬಂದರಿನ ರಸ್ತೆಯ ಸರ್ವೆಗೆ ಅಡ್ಡ ನಿಂತವರನ್ನು ಪೊಲೀಸರು ಹಿಡಿದೊಯ್ದಿದ್ದಾರೆ, ಕೇಸು ಹಾಕಿದ್ದಾರೆ. ಬಂದರು ಬಂದರೆ ಉದ್ಯೋಗ ಬರುತ್ತದೆ ಎನ್ನುವವರ ಮಾತನ್ನೂ ಕೇಳಿಸಿಕೊಳ್ಳಿ. ನಮ್ಮ ಹುಡುಗರಿಗೆ ಕೆಲಸ ಬೇಕು, ಅದು ಸುಳ್ಳಲ್ಲ. ಕೇಳಿಸಿಕೊಂಡ ಮೇಲೆ ಕುಮಟೆಯ ಹತ್ತಿಯನ್ನು ನೆನೆಯಿರಿ. ದೂರದಲ್ಲಿ ಕೂತವರ ಲೆಕ್ಕಕ್ಕೆ ಬಂದ ಬಂದರು ದೂರದಲ್ಲಿ ಕೂತವರ ಲೆಕ್ಕದಿಂದಲೇ ಸತ್ತಿತು. ಟೊಂಕದ ಮರಳು ಒಮ್ಮೆ ಕೈಬಿಟ್ಟರೆ, ಆ ಬಂದರು ಸತ್ತ ದಿನ ಮೀನು ಒಣಗಿಸಲು ಎಲ್ಲಿಗೆ ಹೋಗಬೇಕು?

ಭಯವನ್ನು ಹೇಳಿದ್ದರಿಂದ ಉಳಿದ ಜಾಗವೂ ನಮ್ಮ ಕಣ್ಣೆದುರಿಗಿದೆ. ಅಘನಾಶಿನಿಯ ಮುಖದಲ್ಲಿ, ತದಡಿಯಲ್ಲಿ, 4000 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರ ಬರುವುದಿತ್ತು. ಬಳಚು ಹೆಕ್ಕುವವರು, ಉಪ್ಪುನೀರಿನ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವವರು, ಮೀನುಗಾರರು, ವಿಜ್ಞಾನಿಗಳು ಒಟ್ಟಾಗಿ ತಮ್ಮ ಭಯವನ್ನು ಬಾಯಿಬಿಟ್ಟು ಹೇಳಿದರು. ಸ್ಥಾವರ ಬರಲಿಲ್ಲ. 2024ರಲ್ಲಿ ಆ ಅಳಿವೆ ಅಂತಾರಾಷ್ಟ್ರೀಯ ಮಹತ್ವದ ಜೌಗುನೆಲಗಳ ಪಟ್ಟಿಗೆ ಸೇರಿ ರಾಮ್ಸರ್ ತಾಣವಾಯಿತು.

ಆದ್ದರಿಂದ ಬರೆಯಿರಿ. ದೆವ್ವ ಬೇಕಾದರೆ ಇರಲಿ, ರಾತ್ರಿ ಬೇಕಾದರೆ ಇರಲಿ, ಓದುಗ ದೀಪ ಆರಿಸಲು ಹೆದರಲಿ. ಆದರೆ ನಿಮ್ಮ ದೆವ್ವ ಯಾವ ಕಡತದಿಂದ ಎದ್ದು ಬಂತು, ಯಾರ ರುಜುವಿನಿಂದ, ಯಾವ ವರ್ಷ, ಅದು ಪುಟದಲ್ಲಿ ಕಾಣಬೇಕು. ಹೆದ್ದಾರಿಗಾಗಿ ಗುಡ್ಡ ಕಡಿದ ನೆರೆಯ ಅಂಕೋಲೆಯ ಶಿರೂರಿನಲ್ಲಿ 2024ರ ಜುಲೈ 16ರಂದು ಆ ಗುಡ್ಡ ಜಾರಿ ಬಿದ್ದು ಚಹಾ ಅಂಗಡಿ, ಲಾರಿ, ಮನುಷ್ಯರನ್ನು ನದಿಗೆ ತಳ್ಳಿತಲ್ಲ, ಅದನ್ನು ವಿಧಿ ಎಂದು ಬರೆದು ಮುಗಿಸಬೇಡಿ.

ಪ್ರಕಾಶಕರೇ, ಇಂಥ ಹಸ್ತಪ್ರತಿ ಬಂದರೆ 'ಹಾರರ್' ಎಂದು ಬದಿಗೆ ಸರಿಸಬೇಡಿ. ಕಾಲೇಜಿನ ಮೇಷ್ಟ್ರುಗಳೇ, ನಿಮ್ಮ ವಿದ್ಯಾರ್ಥಿಗಳನ್ನು ಒಂದು ದಿನ ಟೊಂಕಕ್ಕೆ, ಒಂದು ದಿನ ಕುಮಟೆಯ ಹಳೇ ಬಂದರಿಗೆ ಕರೆದೊಯ್ಯಿರಿ. ಬರೆಯುವವರೇ, ಮೊದಲ ಕರಡು ಎಷ್ಟೇ ಒರಟಾಗಿರಲಿ, ಅದನ್ನು ಬೆಂಗಳೂರಿನ ಸಭಾಂಗಣಕ್ಕೆ ಒಯ್ಯುವ ಮೊದಲು ಮೀನು ಒಣಗಿಸುವ ಅಕ್ಕಂದಿರ ಮುಂದೆ ಓದಿ. ಸುಳ್ಳು ಎಂದು ಅವರು ಹೇಳಿದ ಪುಟವನ್ನು ಅಲ್ಲೇ ಹರಿದುಹಾಕಿ.